ನಡುವಯಸ್ಸಿನ ತಲೆಸುತ್ತು: ರಿಪೋರ್ಟು ನಾರ್ಮಲ್ ಬಂದ ಮೇಲೂ ಬಿಡದ ಭಯ

ನಲವತ್ತೈದು ದಾಟಿದವರು ತಲೆಸುತ್ತು ಎಂದು ಬರುವಾಗ ಕೈಯಲ್ಲಿ ಸಾಮಾನ್ಯವಾಗಿ ಒಂದು ದಪ್ಪ ಫೈಲ್ ಇರುತ್ತದೆ. ಇಸಿಜಿ, ಎಕೋ, ಥೈರಾಯ್ಡ್, ಮಿದುಳಿನ ಎಂಆರ್‌ಐ, ಎಲ್ಲವೂ ನಾರ್ಮಲ್. ಕತ್ತಿನ ಎಕ್ಸ್‌ರೇಯಲ್ಲಿ ಮಾತ್ರ ‘ಸ್ಪಾಂಡಿಲೋಸಿಸ್’ ಎಂದು ಬರೆದಿರುತ್ತದೆ, ಅದರ ಜೊತೆ ಕೊರಳಿಗೊಂದು ಕಾಲರ್ ಕೂಡ ಬಂದಿರುತ್ತದೆ. ಈ ವಯಸ್ಸಿನಲ್ಲಿ ಯಾವ ತೊಂದರೆಯೂ ಇಲ್ಲದವರ ಕತ್ತಿನ ಎಕ್ಸ್‌ರೇ ತೆಗೆದರೂ ಮೂಳೆಯ ಸವೆತ ಕಾಣುವುದು ಮಾಮೂಲು. ತಲೆಸುತ್ತಿಗೆ ಅದು ಕಾರಣವಾಗುವುದು ತೀರಾ ಅಪರೂಪ. ಕಾಲರ್ ಹಾಕಿ ತಲೆ ಅಲ್ಲಾಡಿಸದೆ ಕೂತರೆ ಕಾಯಿಲೆ ಇನ್ನಷ್ಟು ದಿನ ಎಳೆಯುತ್ತದೆ. ಫೈಲಿನಲ್ಲಿ ಇಲ್ಲದ್ದೆಂದರೆ ತಲೆಸುತ್ತು ಪ್ರತಿ ಸಲ ಎಷ್ಟು ಹೊತ್ತು ಇರುತ್ತದೆ, ಏನು ಮಾಡುವಾಗ ಬರುತ್ತದೆ ಎಂಬ ಒಂದು ಪುಟದ ಟಿಪ್ಪಣಿ. ಕಾರಣ ಬಹುಪಾಲು ಸಿಗುವುದು ಅದರಲ್ಲೇ.

ಟಿಪ್ಪಣಿ ಬರೆಯುತ್ತಾ ಕೂರಬಾರದ ಸಂದರ್ಭಗಳನ್ನು ಮೊದಲು ಹೇಳಿಬಿಡಬೇಕು. ಇದ್ದಕ್ಕಿದ್ದ ಹಾಗೆ ಶುರುವಾದ ತಲೆಸುತ್ತಿನ ಜೊತೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ, ನುಂಗಲು ಕಷ್ಟವಾದರೆ, ಹಿಡಿದುಕೊಳ್ಳದೆ ನಿಲ್ಲಲೂ ಆಗದಿದ್ದರೆ, ಹಿಂದೆಂದೂ ಬಾರದಂಥ ತಲೆನೋವು ಅಥವಾ ಕತ್ತುನೋವು ಬಂದರೆ 108ಕ್ಕೆ ಫೋನ್ ಮಾಡಬೇಕು. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ. ಮಿದುಳಿನ ಹಿಂಭಾಗದ ಪಾರ್ಶ್ವವಾಯು ಮೊದಲ ಸಿಟಿ ಸ್ಕ್ಯಾನಿನಲ್ಲಿ ಕಾಣದೆ ಹೋಗಬಹುದು. ಹಾಗಾಗಿ ‘ಸಿಟಿ ನಾರ್ಮಲ್, ಮನೆಗೆ ಹೋಗಿ’ ಎಂದರೂ ಈ ಲಕ್ಷಣಗಳಿದ್ದವರು ನರರೋಗ ತಜ್ಞರನ್ನು ಕಾಣದೆ ಮನೆಗೆ ಹೋಗಬಾರದು. ನಡೆಯುವಾಗ ಅಥವಾ ಮೆಟ್ಟಿಲು ಹತ್ತುವಾಗ ಪ್ರಜ್ಞೆ ತಪ್ಪಿ ಬಿದ್ದರೆ, ಎದೆನೋವು ಬಂದರೆ, ಎದೆಬಡಿತ ತಾಳ ತಪ್ಪಿದರೆ ಅಂದೇ ಹೃದಯದ ತಪಾಸಣೆ ಆಗಬೇಕು. ಒಂದು ಕಿವಿ ಹಠಾತ್ತನೆ ಮಂದವಾದರೂ ಅಂದೇ ಇಎನ್‌ಟಿ ವೈದ್ಯರ ಬಳಿ ಹೋಗಬೇಕು, ಅದರ ಚಿಕಿತ್ಸೆ ತಡವಾದಷ್ಟೂ ಫಲ ಕಡಿಮೆ.

ಇವು ಯಾವುದೂ ಇಲ್ಲದೆ ಬಂದು ಹೋಗುವ ತಲೆಸುತ್ತಿಗೆ ‘ಸುತ್ತಿದ ಹಾಗೋ, ತೇಲಿದ ಹಾಗೋ’ ಎಂಬ ಪ್ರಶ್ನೆಗಿಂತ ಗಡಿಯಾರ ಹೆಚ್ಚು ಸಹಾಯ ಮಾಡುತ್ತದೆ. ಮಗ್ಗುಲು ಬದಲಿಸಿದಾಗ, ಅಟ್ಟದ ಡಬ್ಬಿ ತೆಗೆಯಲು ಕತ್ತೆತ್ತಿದಾಗ, ಒಂದು ನಿಮಿಷದೊಳಗೆ ನಿಲ್ಲುವಂಥದ್ದು ಬಂದರೆ ಒಳಗಿವಿಯ ಹರಳಿನ ತೊಂದರೆ. ಎದ್ದು ನಿಂತ ತಕ್ಷಣ ಕಣ್ಣು ಕತ್ತಲೆ ಕಟ್ಟಿ ಕೂತರೆ ಸರಿಯಾದರೆ ರಕ್ತದೊತ್ತಡದ ಇಳಿತ. ಇಪ್ಪತ್ತು ನಿಮಿಷದಿಂದ ಹನ್ನೆರಡು ಗಂಟೆ ಇದ್ದು, ಜೊತೆಗೆ ಒಂದು ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಕಿವಿ ತುಂಬಿದ ಭಾವ, ಕೇಳಿಸುವುದು ಕಡಿಮೆಯಾದರೆ ಒಳಗಿವಿಯ ಮೆನಿಯೇರ್ ಕಾಯಿಲೆಯ ಅನುಮಾನ. ಐದು ನಿಮಿಷದಿಂದ ಮೂರು ದಿನದವರೆಗೆ ಎಳೆದು, ಬೆಳಕು ಮತ್ತು ಸದ್ದು ಸಹಿಸದಂತಾದರೆ ಮೈಗ್ರೇನ್ ತಲೆಸುತ್ತು. ಇದು ತಲೆನೋವೇ ಇಲ್ಲದೆಯೂ ಬರಬಹುದು. ಯೌವನದಲ್ಲಿ ಮೈಗ್ರೇನ್ ಇದ್ದ ಹೆಂಗಸರಿಗೆ ಮುಟ್ಟು ನಿಲ್ಲುವ ವರ್ಷಗಳಲ್ಲಿ ಅದು ತಲೆಸುತ್ತಿನ ರೂಪದಲ್ಲಿ ಮರಳುವುದುಂಟು. ನಮ್ಮಲ್ಲಿ ಇದನ್ನು ‘ಪಿತ್ತ’ ಎಂದು ವರ್ಷಗಟ್ಟಲೆ ತಳ್ಳಿಹಾಕುತ್ತಾರೆ.

ರಕ್ತದೊತ್ತಡದ ಇಳಿತವನ್ನು ಮನೆಯಲ್ಲೇ ನೋಡಬಹುದು. ಐದು ನಿಮಿಷ ಮಲಗಿ ಬಿಪಿ ಅಳೆಯಿರಿ. ಎದ್ದು ನಿಂತು ಒಂದನೇ ನಿಮಿಷಕ್ಕೆ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ಅಳೆಯಿರಿ, ಪಕ್ಕದಲ್ಲಿ ಒಬ್ಬರು ಇರಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಲೆಕ್ಕಕ್ಕೆ ಬರುವ ಇಳಿತ. ಕಾರಣಗಳಲ್ಲಿ ಮೊದಲು ನೋಡಬೇಕಾದ್ದು ಮಾತ್ರೆ ಪೆಟ್ಟಿಗೆ: ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಗಂಡಸರಲ್ಲಿ ಪ್ರಾಸ್ಟೇಟ್ ಮಾತ್ರೆ. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಏಕಾದಶಿ ಉಪವಾಸ ಮಾಡಿದವರಿಗೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿದಿರಬಹುದು. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಅಂಕಿ ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ. ಮುಟ್ಟಿನ ಸ್ರಾವ ಜಾಸ್ತಿ ಇರುವವರಿಗೆ ಹಿಮೋಗ್ಲೋಬಿನ್ ಜೊತೆ ಮೈಯಲ್ಲಿನ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಸಸ್ಯಾಹಾರಿಗಳಿಗೆ ಬಿ12 ನೋಡಿಸುವುದು ಮತ್ತೊಂದು ಎಂಆರ್‌ಐಗಿಂತ ಹೆಚ್ಚು ಉಪಯುಕ್ತ.

ಹರಳಿನ ತೊಂದರೆಯನ್ನು ವಿವರವಾಗಿ ಹೇಳಲೇಬೇಕು. ತಲೆಸುತ್ತಿನಲ್ಲಿ ಅತಿ ಸಾಮಾನ್ಯವಾದುದು ಇದು, ಮಾತ್ರೆಯಿಲ್ಲದೆ ಹತ್ತು ನಿಮಿಷದಲ್ಲಿ ವಾಸಿಯಾಗಬಲ್ಲದ್ದೂ ಇದೇ, ಆದರೂ ತಿಂಗಳುಗಟ್ಟಲೆ ಮಾತ್ರೆ ನುಂಗಿಸಿಕೊಳ್ಳುವುದೂ ಇದೇ. ಒಳಗಿವಿಯ ಚೀಲವೊಂದರಲ್ಲಿ ಸುಣ್ಣದ ಅತಿ ಸಣ್ಣ ಹರಳುಗಳಿವೆ. ವಯಸ್ಸಾಗುತ್ತಾ, ಅಥವಾ ತಲೆಗೆ ಪೆಟ್ಟು ಬಿದ್ದಾಗ, ಅವು ಕಳಚಿ ಪಕ್ಕದ ಅರ್ಧವೃತ್ತ ನಾಳಕ್ಕೆ, ಹೆಚ್ಚಾಗಿ ಹಿಂದಿನ ನಾಳಕ್ಕೆ, ಜಾರುತ್ತವೆ. ತಲೆ ತಿರುಗಿಸಿದಾಗ ಅವು ಉರುಳಿ ಅಲ್ಲಿನ ದ್ರವವನ್ನು ಅಲ್ಲಾಡಿಸುತ್ತವೆ; ಕೋಣೆಯೇ ಗಿರಗಿರ ತಿರುಗಿದಂತಾಗುತ್ತದೆ. ಐವತ್ತರ ಆಸುಪಾಸಿನ ಹೆಂಗಸರಲ್ಲಿ ಹೆಚ್ಚು, ವಿಟಮಿನ್ ಡಿ ಕೊರತೆ ಇದ್ದವರಲ್ಲಿ ಮರುಕಳಿಸುವುದು ಹೆಚ್ಚು. ವೈದ್ಯರು ನಿಮ್ಮ ತಲೆಯನ್ನು ಒಂದು ಬದಿಗೆ ತಿರುಗಿಸಿ ಸರಕ್ಕನೆ ಮಲಗಿಸಿ ಕಣ್ಣುಗುಡ್ಡೆಯ ಅದುರುವಿಕೆ ನೋಡುತ್ತಾರೆ. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ವಿವರಿಸಿದ ಈ ಪರೀಕ್ಷೆಗೆ ಮಂಚ ಬಿಟ್ಟರೆ ಬೇರೆ ಉಪಕರಣ ಬೇಡ. ಮಲಗಿಸಿ ನೋಡದೆ ‘ವರ್ಟಿಗೋ’ ಎಂದು ಚೀಟಿ ಬರೆದಿದ್ದರೆ, ಈ ಪರೀಕ್ಷೆ ಮಾಡಿ ಎಂದು ಕೇಳುವ ಹಕ್ಕು ನಿಮಗಿದೆ.

ಹರಳುಗಳನ್ನು ಹಿಂದಕ್ಕೆ ಕಳಿಸುವ ಎಪ್ಲಿ ವಿಧಾನ ಬಲಗಿವಿಗಾದರೆ ಹೀಗೆ. ಮಂಚದ ಮೇಲೆ ಕಾಲು ಚಾಚಿ ಕೂತು, ಮಲಗಿದಾಗ ಹೆಗಲ ಕೆಳಗೆ ಬರುವಂತೆ ದಿಂಬು ಇಟ್ಟುಕೊಳ್ಳಿ. ಮುಖವನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ ಹಿಂದಕ್ಕೆ ಮಲಗಿ, ತಲೆ ದಿಂಬಿನಾಚೆ ಸ್ವಲ್ಪ ಕೆಳಗೆ ಬಾಗಿರಲಿ. ಸುತ್ತು ಬರುತ್ತದೆ, ಅದು ನಿಂತ ಮೇಲೂ ಅರ್ಧ ನಿಮಿಷ ಹಾಗೇ ಇರಿ. ತಲೆ ಎತ್ತದೆ ಮುಖವನ್ನು ಎಡಕ್ಕೆ 90 ಡಿಗ್ರಿ ತಿರುಗಿಸಿ, ಮತ್ತೆ ಒಂದು ನಿಮಿಷ. ಈಗ ಇಡೀ ದೇಹ ಎಡಮಗ್ಗುಲಾಗಲಿ, ಮೂಗು ನೆಲ ನೋಡಬೇಕು, ಇನ್ನೊಂದು ನಿಮಿಷ. ಗದ್ದ ಎದೆಯ ಕಡೆ ಬಾಗಿಸಿಕೊಂಡೇ ಎಡಗಡೆಯಿಂದ ನಿಧಾನವಾಗಿ ಎದ್ದು ಕೂತುಕೊಳ್ಳಿ. ಮೊದಲ ಸಲ ವೈದ್ಯರೇ ಮಾಡಲಿ, ಯಾವ ಕಿವಿ, ಯಾವ ನಾಳ ಎಂದು ಅವರಿಗೆ ಗೊತ್ತಾಗಬೇಕು. ಮನೆಯಲ್ಲಿ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ: ಸುತ್ತು ಬಂದ ಕೂಡಲೇ ಹೆದರಿ ಎದ್ದುಬಿಡುವುದು, ಮೂರನೇ ಹಂತದಲ್ಲಿ ಮೂಗು ನೆಲದ ಕಡೆಗಿರದೆ ಗೋಡೆ ನೋಡುವುದು. ಕತ್ತಿನ ಮೂಳೆ ಅಥವಾ ಅಕ್ಷಿಪಟಲದ ತೊಂದರೆ ಇರುವವರು ಮನೆಯಲ್ಲಿ ಮಾಡಬಾರದು. ಆಮೇಲೆ ಎರಡು ದಿನ ಕೂತೇ ನಿದ್ದೆ ಮಾಡಬೇಕು ಎಂಬ ಹಳೆಯ ಕಟ್ಟುಪಾಡು ಈಗ ಬೇಕಿಲ್ಲ.

ಹರಳು ಸರಿಹೋದ ಮೇಲೂ ಕೆಲವು ದಿನ, ಕೆಲವರಿಗೆ ಎರಡು ವಾರ, ತೇಲಿದಂಥ ಹಗುರ ಭಾವ ಉಳಿಯುತ್ತದೆ. ಮಿದುಳು ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುತ್ತಿರುವ ಸಮಯವಿದು. ಈ ದಿನಗಳಲ್ಲಿ ‘ವಾಸಿಯಾಗಲಿಲ್ಲ, ಇನ್ನೇನೋ ದೊಡ್ಡದಿದೆ’ ಎಂಬ ಭಯ ಹೊಕ್ಕರೆ ಮುಂದಿನ ತೊಂದರೆ ಬೇರು ಬಿಡುತ್ತದೆ. ಆಗ ವ್ಯಕ್ತಿಯ ನಡಿಗೆಯೇ ಬದಲಾಗುತ್ತದೆ. ಹೆಗಲು ಬಿಗಿ, ಕತ್ತು ಸೆಟೆದಂತೆ, ಕಣ್ಣು ಎರಡಡಿ ಮುಂದಿನ ನೆಲದ ಮೇಲೆ, ಒಂದು ಕೈ ಗೋಡೆ ಸವರುತ್ತಾ. ಪಕ್ಕದಿಂದ ಯಾರಾದರೂ ಕರೆದರೆ ತಲೆ ಮಾತ್ರ ತಿರುಗುವುದಿಲ್ಲ, ಇಡೀ ಮೈ ತಿರುಗುತ್ತದೆ. ಬಿದ್ದುಬಿಡುತ್ತೇನೆ ಎಂಬ ಎಚ್ಚರದಲ್ಲಿ ಮಿದುಳು ಕಿವಿಯ ಮಾತನ್ನು ನಂಬುವುದು ಬಿಟ್ಟು ಕಣ್ಣನ್ನು ಅತಿಯಾಗಿ ನಂಬಲು ಶುರುಮಾಡುತ್ತದೆ. ಆದ್ದರಿಂದಲೇ ಸೂಪರ್ ಮಾರ್ಕೆಟ್ಟಿನ ಉದ್ದ ರ‍್ಯಾಕುಗಳ ನಡುವೆ, ಮೆಟ್ರೋ ಎಸ್ಕಲೇಟರಿನಲ್ಲಿ, ಮೊಬೈಲ್ ಪರದೆ ಸರಸರ ಸರಿಸುವಾಗ ತೂಗಾಡಿದಂತಾಗುತ್ತದೆ. ಮೂರು ತಿಂಗಳು ಅಥವಾ ಹೆಚ್ಚು ಕಾಲ, ಬಹುಪಾಲು ದಿನ ಹೀಗಿದ್ದರೆ ಇದಕ್ಕೆ ಪಿಪಿಪಿಡಿ (ಪರ್ಸಿಸ್ಟೆಂಟ್ ಪೋಸ್ಚುರಲ್-ಪರ್ಸೆಪ್ಚುವಲ್ ಡಿಝಿನೆಸ್) ಎಂಬ ಹೆಸರಿದೆ; ಸಮತೋಲನದ ಕಾಯಿಲೆಗಳ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಬಾರಾನಿ ಸೊಸೈಟಿ ಇದರ ಗುರುತಿನ ಮಾನದಂಡಗಳನ್ನು 2017ರಲ್ಲಿ ಪ್ರಕಟಿಸಿತು. ಎಂಆರ್‌ಐಯಲ್ಲಿ ಇದು ಕಾಣುವುದಿಲ್ಲ, ಆದರೆ ಇದು ನಟನೆಯಲ್ಲ, ಬರೀ ಮನಸ್ಸಿನ ಕಲ್ಪನೆಯೂ ಅಲ್ಲ. ‘ನಿಮಗೇನೂ ಇಲ್ಲ, ಟೆನ್ಷನ್ ಅಷ್ಟೆ’ ಎಂದು ಕಳಿಸುವ ವೈದ್ಯರು ಇಂಥ ರೋಗಿಗೆ ಅನ್ಯಾಯ ಮಾಡುತ್ತಾರೆ. ಹೆಸರಿಲ್ಲದೆ ಹೊರಟವರು ಇನ್ನೊಂದು ಆಸ್ಪತ್ರೆಯ ಬಾಗಿಲಿಗೆ ಹೋಗುತ್ತಾರೆ.

ಭಯಕ್ಕೆ ಕಾರಣಗಳೂ ಇವೆ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ, 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗ, ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ನಡುವಯಸ್ಸಿನಲ್ಲಿ ಒಂದು ಸಲ ಪೂರ್ತಿ ಪರೀಕ್ಷೆ ಮಾಡಿಸಿಕೊಳ್ಳುವುದು ಸರಿಯೇ. ಐದನೇ ಸಲದ ಇಸಿಜಿ ಕೊಡುವ ಸಮಾಧಾನ ಮಾತ್ರ ಎರಡು ದಿನಕ್ಕೆ ಕರಗುತ್ತದೆ, ಆರನೆಯದು ಬೇಕೆನಿಸುತ್ತದೆ.

ಮನೆಯ ಬಿಪಿ ಮಿಷನ್ ಇದೇ ಕೆಲಸ ಮಾಡುತ್ತದೆ. ಹೆದರಿದಾಗ ಅಳೆದರೆ ಅಂಕಿ ಏರಿರುತ್ತದೆ, ಏರಿದ ಅಂಕಿ ನೋಡಿ ಇನ್ನಷ್ಟು ಏರುತ್ತದೆ. ಬೆಳಿಗ್ಗೆ ಮತ್ತು ಸಂಜೆ, ಐದು ನಿಮಿಷ ಸುಮ್ಮನೆ ಕೂತ ಮೇಲೆ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಏಳು ದಿನ ಅಳೆದು ಬರೆಯಿರಿ. ವೈದ್ಯರಿಗೆ ತೋರಿಸಿ, ಮಿಷನ್ನನ್ನು ಬೀರುವಿನಲ್ಲಿಡಿ. ತಲೆಸುತ್ತು ಬಂದಾಗ ಗೂಗಲ್ ಮಾಡಬೇಕೆನಿಸಿದರೆ ಅರ್ಧ ಗಂಟೆ ಮುಂದೂಡಿ, ಆ ಹೊತ್ತಿನಲ್ಲಿ ‘ಏನಾಗುತ್ತದೆ ಎಂದು ಹೆದರಿದ್ದೇನೆ’ ಎಂದು ಒಂದು ಸಾಲು ಬರೆಯಿರಿ. ಸಂಜೆ ಪಕ್ಕದಲ್ಲಿ ‘ಏನಾಯಿತು’ ಎಂದು ಬರೆಯಿರಿ. ಮೂರು ವಾರದ ಪುಟಗಳನ್ನು ಒಟ್ಟಿಗೆ ಓದಿದಾಗ ಅವು ಕೊಡುವ ಧೈರ್ಯ ಯಾರ ಭರವಸೆಯೂ ಕೊಡುವುದಿಲ್ಲ. ಮನೆಯವರಿಗೂ ಒಂದು ಮಾತು: ಗಂಟೆಗೊಮ್ಮೆ ‘ಈಗ ಹೇಗಿದೆ ರೀ?’ ಎಂದು ಕೇಳಬೇಡಿ. ‘ಏನೂ ಆಗಲ್ಲ ಬಿಡಿ’ ಎನ್ನುವ ಬದಲು ‘ವಾಕಿಂಗ್ ಹೊತ್ತಾಯಿತು, ಚಪ್ಪಲಿ ಹಾಕಿಕೊಳ್ಳಿ’ ಎನ್ನಿ.

ಬೆರಳು ಜೋಮು ಹಿಡಿದು, ಬಾಯಿಯ ಸುತ್ತ ಚುಚ್ಚಿದಂತಾಗಿ ತಲೆ ಹಗುರಾದರೆ ಉಸಿರಾಟ ವೇಗವಾಗಿದೆ ಎಂದರ್ಥ. ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಸಂಕುಚಿಸಿರುತ್ತವೆ. ಆಗ ದೀರ್ಘವಾಗಿ ಉಸಿರೆಳೆಯಿರಿ ಎಂಬ ಸಲಹೆ ತೊಂದರೆಯನ್ನು ಹೆಚ್ಚಿಸುತ್ತದೆ. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಮೆಲ್ಲಗೆ ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ದಿನಕ್ಕೆ ಎರಡು ಸಲ, ಐದೈದು ನಿಮಿಷ, ಚೆನ್ನಾಗಿರುವಾಗಲೇ ರೂಢಿಸಿಕೊಂಡರೆ ಕಷ್ಟದ ಹೊತ್ತಿಗೆ ಬರುತ್ತದೆ.

ಪಿಪಿಪಿಡಿಗೆ ಮುಖ್ಯ ಔಷಧಿ ಚಲನೆ. ಗೋಡೆಯ ಮೇಲೆ ಕಣ್ಣಿನ ಮಟ್ಟಕ್ಕೆ ‘ಅ’ ಎಂದು ಬರೆದ ಚೀಟಿ ಅಂಟಿಸಿ, ಒಂದು ಮೀಟರ್ ದೂರದಲ್ಲಿ ಕುರ್ಚಿ ಹಾಕಿ ಕೂತು, ಅಕ್ಷರದಿಂದ ಕಣ್ಣು ಕದಲಿಸದೆ ತಲೆಯನ್ನು ಎಡಬಲಕ್ಕೆ ಅಲ್ಲಾಡಿಸಿ. ಅಕ್ಷರ ಮಸುಕಾಗದಷ್ಟೇ ವೇಗ ಸಾಕು. ಮೊದಲು 30 ಸೆಕೆಂಡು, ಆಮೇಲೆ ಒಂದು ನಿಮಿಷ, ದಿನಕ್ಕೆ ಮೂರು ಸಲ. ನಂತರ ಮೇಲೆ ಕೆಳಗೆ. ಒಂದು ವಾರದ ಬಳಿಕ ನಿಂತುಕೊಂಡು. ತಲೆಸುತ್ತಿಗೆ ಹತ್ತರಲ್ಲಿ ಅಂಕ ಕೊಟ್ಟುಕೊಳ್ಳಿ: ವ್ಯಾಯಾಮದಿಂದ ಎರಡು ಮೂರು ಅಂಕ ಏರಿ, ಇಪ್ಪತ್ತು ನಿಮಿಷದೊಳಗೆ ಇಳಿದರೆ ಪ್ರಮಾಣ ಸರಿ. ಏನೂ ಏರದಿದ್ದರೆ ಕಡಿಮೆಯಾಯಿತು, ದಿನವಿಡೀ ಉಳಿದರೆ ಜಾಸ್ತಿಯಾಯಿತು. ತಲೆಸುತ್ತು ಬಂತೆಂದು ಎರಡನೇ ದಿನಕ್ಕೇ ಬಿಡುವವರೇ ಹೆಚ್ಚು, ಹಾಗೆ ಬರುವುದೇ ಈ ವ್ಯಾಯಾಮದ ಉದ್ದೇಶ. ಗೋಡೆಯ ಮೂಲೆಗೆ ಬೆನ್ನು ಮಾಡಿ, ಮುಂದೆ ಕುರ್ಚಿಯಿಟ್ಟು, ಪಾದ ಜೋಡಿಸಿ ಅರ್ಧ ನಿಮಿಷ ನಿಲ್ಲುವುದು, ಆಮೇಲೆ ಕಣ್ಣು ಮುಚ್ಚಿ ನಿಲ್ಲುವುದನ್ನೂ ಸೇರಿಸಿ. ತಪ್ಪಿಸಿಕೊಳ್ಳುತ್ತಿದ್ದ ಜಾಗಗಳಿಗೂ ಮೆಟ್ಟಿಲು ಮೆಟ್ಟಿಲಾಗಿ ಮರಳಬೇಕು: ಮೊದಲು ಬೆಳಿಗ್ಗೆ ಖಾಲಿಯಿರುವ ಅಂಗಡಿಗೆ ಐದು ನಿಮಿಷ, ಕೊನೆಗೆ ಸಂಜೆಯ ಮಾರುಕಟ್ಟೆಗೆ. ದ್ವಿಚಕ್ರ ವಾಹನ, ಏಣಿ, ಮರ ಹತ್ತುವುದು ಮಾತ್ರ ವೈದ್ಯರು ಹೇಳುವವರೆಗೆ ಬೇಡ.

ಮಾತ್ರೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಪ್ರೊಕ್ಲೋರ್‌ಪೆರಝಿನ್, ಸಿನ್ನರಿಝಿನ್‌ನಂಥ ತಲೆಸುತ್ತು ತಡೆಯುವ ಮಾತ್ರೆಗಳು ವಾಂತಿಯಾಗುತ್ತಿರುವ ಮೊದಲ ಎರಡು ಮೂರು ದಿನಕ್ಕೆ ಸಾಕು. ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಿಂಗಳುಗಟ್ಟಲೆ ಕೊಂಡು ನುಂಗಿದರೆ ಮಿದುಳು ಹೊಂದಿಕೊಳ್ಳುವುದು ನಿಧಾನವಾಗುತ್ತದೆ, ಪಾರ್ಕಿನ್ಸನ್ ಕಾಯಿಲೆಯಂಥ ಕೈನಡುಕ, ನಿಧಾನ ನಡಿಗೆಯೂ ಬರಬಹುದು. ಪಿಪಿಪಿಡಿಯಲ್ಲಾಗಲಿ ಬಿಡದ ಆರೋಗ್ಯಭಯದಲ್ಲಾಗಲಿ ಬೇಕಾಗಬಹುದಾದ್ದು ಆತಂಕ, ಖಿನ್ನತೆಗೆ ಕೊಡುವ ಸರ್ಟ್ರಲಿನ್, ಎಸ್ಸಿಟಾಲೋಪ್ರಾಮ್‌ನಂಥ ಔಷಧಿ, ಜೊತೆಗೆ ಯೋಚನೆ, ನಡವಳಿಕೆಯನ್ನು ಮಾತುಕತೆಯಿಂದ ತಿದ್ದುವ ಅರಿವು-ವರ್ತನೆ ಚಿಕಿತ್ಸೆ (ಸಿಬಿಟಿ). ಇಂಥ ರೋಗಿಗಳು ಮೈಯ ಸಣ್ಣ ಬದಲಾವಣೆಗೂ ಬೆಚ್ಚುವವರಾದ್ದರಿಂದ ವೈದ್ಯರು ಅತಿ ಕಡಿಮೆ ಪ್ರಮಾಣದಿಂದ ಶುರುಮಾಡುತ್ತಾರೆ. ಮೊದಲ ಎರಡು ವಾರ ವಾಕರಿಕೆ, ತಳಮಳ ಸ್ವಲ್ಪ ಹೆಚ್ಚಬಹುದು. ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಕೊಡಬೇಕು. ಸರಿಹೋಯಿತೆಂದು ಒಮ್ಮೆಲೇ ನಿಲ್ಲಿಸಿದರೆ ಅದರಿಂದಲೇ ತಲೆಸುತ್ತು ಬರುತ್ತದೆ, ಇಳಿಸುವುದು ವಾರಗಟ್ಟಲೆಯ ಕೆಲಸ. ಮನೋವೈದ್ಯರ ಬಳಿ ನೇರವಾಗಿ ಹೋಗಲು ಹಿಂಜರಿಯುವವರು ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಕಿವಿಯ ಸಮತೋಲನದ ಪರೀಕ್ಷೆಗಳು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆಗುತ್ತವೆ.

ಚೇತರಿಕೆಯ ನಡುವೆ ಕೆಟ್ಟ ದಿನಗಳು ಬರುತ್ತವೆ. ನಿದ್ದೆಗೆಟ್ಟ ರಾತ್ರಿ, ನೆಗಡಿ, ದೂರದ ಬಸ್ ಪ್ರಯಾಣ, ಮನೆಯ ಮದುವೆಯ ಓಡಾಟ ಸಾಕು. ಆಗ ವ್ಯಾಯಾಮವನ್ನು ಅರ್ಧಕ್ಕೆ ಇಳಿಸಿ ಎರಡು ಮೂರು ದಿನ ಮಾಡಿ, ಮತ್ತೆ ಮೊದಲಿನ ಮಟ್ಟಕ್ಕೆ ಬನ್ನಿ, ಪೂರ್ತಿ ನಿಲ್ಲಿಸಬೇಡಿ. ಅದೇ ಹಳೆಯ ತಲೆಸುತ್ತಿಗೆ ಹೊಸ ಸ್ಕ್ಯಾನ್ ಬೇಡ. ಕಿವಿ ಮಂದವಾಗುವುದು, ಬೀಳುವುದು, ಪ್ರಜ್ಞೆ ತಪ್ಪುವುದು, ಹೊಸ ಬಗೆಯ ತಲೆನೋವು ಸೇರಿಕೊಂಡರೆ ಮಾತ್ರ ಅದನ್ನು ಹೊಸ ಕಾಯಿಲೆಯೆಂದೇ ಎಣಿಸಿ, ಟಿಪ್ಪಣಿ ಪುಸ್ತಕದೊಂದಿಗೆ ವೈದ್ಯರ ಬಳಿ ಹೋಗಿ.