ಚಿಟ್ಟೆಯ ಊಟ, ಚಿಟ್ಟೆಯ ಮೊಟ್ಟೆ

ಮುಂಗಾರು ಹಿಡಿಯುವ ಮುಂಚೆ ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟಕ್ಕೆ ಹೋಗಿದ್ದೆ. ಹೋಂಸ್ಟೇ ಮುಂದೆ ಚಿಟ್ಟೆಗಳಿಗೆಂದೇ ಹೂಗಿಡ ಹಾಕಿಸಿ, ತಟ್ಟೆಯಲ್ಲಿ ಸಕ್ಕರೆ ನೀರನ್ನೂ ಇಟ್ಟಿದ್ದರು. ಯಜಮಾನರ ಭಾವ ಹಾಸನದ ಕಡೆ ರೇಷ್ಮೆ ಸಾಕುವವರು. ಕಾಫಿ ಕುಡಿಯುತ್ತಾ ಕೇಳಿದರು: "ಅಲ್ಲಾ ಸಾರ್, ನಮ್ಮ ರೇಷ್ಮೆ ಪತಂಗ ಗೂಡಿಂದ ಆಚೆ ಬಂದ್ಮೇಲೆ ಒಂದು ಹನಿ ನೀರೂ ಕುಡಿಯಲ್ಲ. ಆದ್ರೂ ನಾನೂರು ಮೊಟ್ಟೆ ಇಟ್ಟೇ ಹೋಗುತ್ತೆ. ಇವಕ್ಯಾಕೆ ಇಷ್ಟು ಉಪಚಾರ?"

ರೇಷ್ಮೆಹುಳ ಹಿಪ್ಪುನೇರಳೆ ಸೊಪ್ಪು ಮೇಯುವಾಗಲೇ ಮೊಟ್ಟೆಗೆ ಬೇಕಾದ್ದನ್ನೆಲ್ಲ ಮೈಯಲ್ಲಿ ಕೂಡಿಟ್ಟಿರುತ್ತದೆ. ಮಲೆನಾಡಿನ ಅಟ್ಲಾಸ್ ಪತಂಗವೂ ಹಾಗೇ, ಅದಕ್ಕೆ ಉಣ್ಣಲು ಬಾಯೇ ಇಲ್ಲ. ಚಿಟ್ಟೆಗಳಲ್ಲಿ ಹೆಚ್ಚಿನವು ದಿನಗೂಲಿಯವು. ಹುಳವಾಗಿದ್ದಾಗ ತಿಂದ ಎಲೆಯಿಂದ ಬಂದ, ಪ್ರೋಟೀನಿಗೆ ಬೇಕಾದ ಸಾರಜನಕ ಒಂದಿಷ್ಟು ಉಳಿದಿರುತ್ತದೆ. ಹಾರುವುದಕ್ಕೂ ಮೊಟ್ಟೆ ಬಲಿಯುವುದಕ್ಕೂ ಬೇಕಾದ ಸಕ್ಕರೆಯನ್ನು ದಿನದಿನ ದುಡಿದು ತರಬೇಕು.

ಅಮೆರಿಕದ ಕೊಲೊರಾಡೊ ಬೆಟ್ಟಗಳ ಮಾರ್ಮನ್ ಫ್ರಿಟಿಲರಿ ಎಂಬ ಚಿಟ್ಟೆಯ ಪ್ರಯೋಗವೊಂದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಹೆಣ್ಣುಗಳಿಗೆ ಕೊಡುವ ಸಿಹಿನೀರನ್ನು ಕಡಿತ ಮಾಡಿದರು. ಆಯಸ್ಸು ಕುಗ್ಗೀತು ಎಂದು ತಾನೇ ನಾವು ಅಂದುಕೊಳ್ಳುವುದು? ಕುಗ್ಗಲಿಲ್ಲ. ಊಟ ಕಡಿಮೆಯಾದಷ್ಟೂ ಮೊಟ್ಟೆ ಕಡಿಮೆಯಾದವು. ತಾಯಿ ತನ್ನ ಜೀವ ಉಳಿಸಿಕೊಂಡು ಸಂತಾನದಲ್ಲಿ ಕೈ ಬಿಗಿಹಿಡಿದಳು. ಅದಕ್ಕೇ, ಅಂಗಳದಲ್ಲಿ ಚಿಟ್ಟೆ ಹಾರಾಡುತ್ತಿವೆ ಎಂದು ಯಾರಾದರೂ ಹೆಮ್ಮೆಪಟ್ಟರೆ ನಾನು ಮೊದಲು ಎಲೆ ಮಗುಚಿ ಮೊಟ್ಟೆ ಹುಡುಕುತ್ತೇನೆ.

ಹಾಗಾದರೆ ಸಕ್ಕರೆ ನೀರು ಸಾಕಲ್ಲ? ಎಲ್ಲಕ್ಕೂ ಸಾಲದು. ಹೂವಿನ ಮಕರಂದದಲ್ಲಿ ಪ್ರೋಟೀನು ಕಟ್ಟುವ ಅಮೈನೋ ಆಮ್ಲಗಳೂ ಇರುತ್ತವೆ. ಯೂರೋಪಿನ ಮ್ಯಾಪ್ ಚಿಟ್ಟೆಯಲ್ಲಿ, ಸತ್ವವಿಲ್ಲದ ಸೊಪ್ಪು ತಿಂದು ಬೆಳೆದ ಹೆಣ್ಣುಗಳು ಅಂಥ ಮಕರಂದ ಸಿಕ್ಕಾಗ ಹೆಚ್ಚು ಮೊಟ್ಟೆ ಇಟ್ಟವು. ಬಾಲ್ಯದಲ್ಲೇ ಹೊಟ್ಟೆ ತುಂಬ ಉಂಡವಕ್ಕೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ. ಹೂಕುಂಡಕ್ಕೆ ಖರ್ಚು ಮಾಡಿ, ಚಿಟ್ಟೆಯ ಹುಳ ತಿಂದಿದೆಯೆಂದು ಕರಿಬೇವಿಗೆ ಔಷಧಿ ಹೊಡೆಯುವವರು ಇದನ್ನು ಗಮನಿಸಬೇಕು.

ಗಂಡುಗಳ ಪಾಲೂ ಇದೆ. ಮುತ್ತೋಡಿ ಕಾಡಿನ ಸೋಮವಾಹಿನಿ ಹೊಳೆಯ ದಂಡೆಯ ಒದ್ದೆ ಮರಳಿನ ಮೇಲೆ ಬೇಸಿಗೆಯಲ್ಲಿ ಗುಂಪುಗುಂಪಾಗಿ ಕೂರುವ ಬ್ಲೂಬಾಟಲ್, ಎಮಿಗ್ರೆಂಟ್ ಚಿಟ್ಟೆಗಳನ್ನು ನೋಡಿರುತ್ತೀರಿ. ಹೆಚ್ಚುಕಡಿಮೆ ಎಲ್ಲವೂ ಗಂಡು. ಎಲೆಯಲ್ಲಾಗಲಿ ಮಕರಂದದಲ್ಲಾಗಲಿ ಸೋಡಿಯಂ ತೀರಾ ಕಡಿಮೆ, ಅದನ್ನು ಮಣ್ಣಿಂದ ಹೀರಬೇಕು. ಕೂಡುವಾಗ ಗಂಡು ವೀರ್ಯದ ಜೊತೆ ಪೋಷಕಾಂಶಗಳ ಗಂಟೊಂದನ್ನು ಹೆಣ್ಣಿಗೆ ಕೊಡುತ್ತದೆ. ಒಂದು ಜಾತಿಯ ಪತಂಗದಲ್ಲಿ ಗಂಡು ಕೆಸರಿಂದ ಹೀರಿದ ಸೋಡಿಯಂ ಹೆಣ್ಣಿನ ಮೂಲಕ ಮೊಟ್ಟೆಗೇ ತಲುಪಿದ್ದು ಗೊತ್ತಾಗಿದೆ. ಮದುವೆಗೆ ಉಡುಗೊರೆ ಅನ್ನಿ.

ಬ್ಲೂ ಟೈಗರ್ ಚಿಟ್ಟೆಯ ಗಂಡಿಗೆ ಬೇರೆಯದೇ ಚಪಲ. ಸೆಣಬಿನ ಕುಲದ (ಕ್ರೊಟಲೇರಿಯಾ), ಒಣಗಿದ ಕಾಯಿ ಗಿಲಿಗಿಲಿ ಎನ್ನುವ ಗಿಡಗಳಿಗೆ ಮುತ್ತಿ ಆಲ್ಕಲಾಯ್ಡ್ ಎಂಬ ಕಹಿ ರಾಸಾಯನಿಕ ಹೀರುತ್ತದೆ. ಹೊಟ್ಟೆ ತುಂಬಿಸುವ ವಸ್ತುವಲ್ಲ ಅದು. ಹೆಣ್ಣನ್ನು ಒಲಿಸುವ ಪರಿಮಳ ತಯಾರಾಗುವುದು ಅದರಿಂದ. ಬೇಲಿ ಸವರುವಾಗ ಆ ಗಿಡಗಳನ್ನು ಬಿಡಿ ಎಂದರೆ ತೋಟದ ಕೆಲಸ ನೋಡಿಕೊಳ್ಳುವ ರೈಟರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

ಬ್ಯಾರನ್, ನವಾಬ್ ಚಿಟ್ಟೆಗಳಂತೂ ಹೂವಿನ ಕಡೆ ತಲೆ ಹಾಕುವುದೇ ಅಪರೂಪ. ಅವಕ್ಕೆ ಕೊಳೆತ ಹಣ್ಣು, ಮರದ ರಸ, ಸಗಣಿ. ಆ ತೋಟದಲ್ಲಿ ಬಿದ್ದ ಹಲಸಿನ ಹಣ್ಣನ್ನು, ಅತಿಥಿಗಳಿಗೆ ವಾಸನೆ ಬರುತ್ತದೆಂದು, ಬೆಳಿಗ್ಗೆಯೇ ಗೊಬ್ಬರದ ಗುಂಡಿಗೆ ಹಾಕಿಸುತ್ತಿದ್ದರು. ಮನೆಯಿಂದ ದೂರದ ಒಂದು ಮರದ ಬುಡದಲ್ಲಾದರೂ ಬಿಡಿ ಎಂದು ಕೇಳಿಕೊಂಡೆ. ಮಾರನೆಯ ದಿನ ಹೋಗಿ ನೋಡಿದರೆ ಒಡೆದ ಹಣ್ಣಿನ ಮೇಲೆ ನೊಣಗಳ ನಡುವೆ ಎರಡು ಬ್ಯಾರನ್. ಭಾವನವರು ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡೇ ಫೋಟೊ ಹೊಡೆದರು.