ಮಗು ಎನ್‌ಐಸಿಯುನಲ್ಲಿದೆ, ನಾಲ್ಕು ಹನಿ ಹಾಲೂ ಬರುತ್ತಿಲ್ಲ. ಏನು ಮಾಡಲಿ?

ಪ್ರಶ್ನೆ: 30 ವಾರಕ್ಕೇ ಹೆರಿಗೆಯಾಯಿತು. ಮಗು 1.2 ಕೆ.ಜಿ. ಇದ್ದು, ಬೇರೆ ಆಸ್ಪತ್ರೆಯ ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ). ಎದೆಹಾಲು ತೆಗೆದು ಕಳಿಸಿ ಅನ್ನುತ್ತಾರೆ. ಎರಡು ದಿನವಾದರೂ ಬರುವುದು ಬರೀ ಹನಿಗಳು. ಪೌಡರ್ ಹಾಲು ತಂದುಕೊಡುವುದೇ ವಾಸಿಯಾ?

ಉತ್ತರ: ಆ ಹನಿಗಳನ್ನೇ ಕಳಿಸಿ. ಎರಡನೇ ದಿನ ಯಾರಿಗೂ ಬಟ್ಟಲು ತುಂಬುವುದಿಲ್ಲ. ನಿಮ್ಮ ಮಗುವಿಗೂ ಈಗ ಬಟ್ಟಲು ಹಾಲು ಬೇಕಿಲ್ಲ. 1.2 ಕೆ.ಜಿ. ತೂಕದ, ಉಸಿರಾಟ ಸ್ಥಿರವಾಗಿರುವ ಮಗುವಿಗೆ ಶುರುವಿನಲ್ಲಿ ಎರಡು ಗಂಟೆಗೊಮ್ಮೆ 2–3 ಮಿ.ಲೀ. ಕೊಡುತ್ತಾರೆ. ಉಳಿದದ್ದು ಡ್ರಿಪ್‌ನಲ್ಲಿ ಹೋಗುತ್ತದೆ. ಅಷ್ಟೂ ಬಾರದಿದ್ದರೆ ಕೆನ್ನೆಯ ಒಳಬದಿಗೆ ಒಂದೊಂದು ಹನಿ ಸವರುತ್ತಾರೆ. ಮೊದಲ ದಿನಗಳ ಆ ಹಳದಿ ಹಾಲಿನಲ್ಲಿ ಸೋಂಕು ತಡೆಯುವ ಅಂಶಗಳು ತುಂಬಿರುತ್ತವೆ. ಅವಧಿಗೆ ಮೊದಲು ಹುಟ್ಟಿದ ಮಕ್ಕಳ ಕರುಳು ಉರಿಯೂತದಿಂದ ಕೊಳೆಯುವ ಕಾಯಿಲೆಯೊಂದಿದೆ, ಎನ್‌ಇಸಿ ಅನ್ನುತ್ತಾರೆ. ಪೌಡರ್ ಹಾಲು ಕುಡಿದವರಲ್ಲಿ ಅದು ಹೆಚ್ಚು, ತಾಯಿಹಾಲು ಕುಡಿದವರಲ್ಲಿ ಕಡಿಮೆ. ಡಾಕ್ಟರು ಹಾಲಿಗಾಗಿ ಇಷ್ಟು ಒತ್ತಾಯಿಸುವುದು ಇದೇ ಕಾರಣಕ್ಕೆ.

ಈಗ ಲೆಕ್ಕ ಇಡಬೇಕಾದದ್ದು ಮಿಲಿಲೀಟರನ್ನಲ್ಲ, ಎಷ್ಟು ಸಲ ತೆಗೆದಿರಿ ಅನ್ನುವುದನ್ನು. ಎದೆಯಲ್ಲಿ ಹಾಲು ನಿಂತರೆ ದೇಹ ಹಾಲು ಮಾಡುವುದನ್ನು ತಗ್ಗಿಸುತ್ತದೆ, ಖಾಲಿಯಾದಷ್ಟೂ ಹೆಚ್ಚಿಸುತ್ತದೆ. ತುಂಬು ತಿಂಗಳ ಮಗು ದಿನಕ್ಕೆ 8ರಿಂದ 12 ಸಲ ಚೀಪಿ ಈ ಕೆಲಸ ಮಾಡಿಸುತ್ತದೆ. ಇಲ್ಲಿ ಅದನ್ನು ನಿಮ್ಮ ಕೈಯೇ ಮಾಡಬೇಕು. ಹೆರಿಗೆಯಾಗಿ ಆರು ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ತಡವಾಗಿದ್ದರೆ ಈಗಲೇ ಶುರುಮಾಡಿ. ಹಗಲು ಎರಡು-ಮೂರು ಗಂಟೆಗೊಮ್ಮೆ, ರಾತ್ರಿ ಒಮ್ಮೆಯಾದರೂ ತೆಗೆಯಿರಿ. ಹಾಲು ಮಾಡಿಸುವ ಹಾರ್ಮೋನು ರಾತ್ರಿ ಹೆಚ್ಚಿರುತ್ತದೆ. "ಬಾಣಂತಿ ಮಲಗಲಿ, ಎಬ್ಬಿಸಬೇಡಿ" ಎಂದು ಮನೆಯವರು ಪ್ರೀತಿಯಿಂದ ಬಿಡುವ ಆ ಎಂಟು ಗಂಟೆಗಳಲ್ಲೇ ಹಾಲು ಬತ್ತಲು ಶುರುವಾಗುತ್ತದೆ. ಸಾಮಾನ್ಯವಾಗಿ ಮೂರರಿಂದ ಐದನೇ ದಿನಕ್ಕೆ ಎದೆ ತುಂಬಿ ಬರುತ್ತದೆ. ಎರಡು ವಾರದ ಹೊತ್ತಿಗೆ ದಿನಕ್ಕೆ 500 ಮಿ.ಲೀ. ದಾಟಿದರೆ ಮುಂದೆ ಚಿಂತೆಯಿಲ್ಲ.

ಮೊದಲ ಎರಡು-ಮೂರು ದಿನ ಪಂಪ್‌ಗಿಂತ ಕೈಯೇ ಮೇಲು. ಹಳದಿ ಹಾಲು ಮಂದ, ಪಂಪಿನ ಕೊಳವೆಗೆ ಅಂಟಿಕೊಂಡೇ ಮುಗಿದುಹೋಗುತ್ತದೆ. ಕೈ ತೊಳೆದು, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲೆ ಎರಡು ನಿಮಿಷ ಇಡಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಸುಮಾರು 3 ಸೆಂ.ಮೀ. ಹಿಂದೆ ಇರಲಿ. ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಎರಡೂ ಬೆರಳು ಸೇರುವಂತೆ ಅದುಮಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಎಳೆಯಬಾರದು. ನೋವಾದರೆ ಬೆರಳು ತೊಟ್ಟಿಗೆ ತೀರಾ ಹತ್ತಿರವಿರಬಹುದು. ಒಂದು ಕಡೆ ಹರಿವು ನಿಧಾನವಾದಾಗ ಇನ್ನೊಂದು ಕಡೆಗೆ ಹೋಗಿ, ಮತ್ತೆ ಬನ್ನಿ. ಒಟ್ಟು 20–30 ನಿಮಿಷ. ಹನಿಗಳನ್ನು ಸೂಜಿ ಇಲ್ಲದ ಶುದ್ಧ ಸಿರಿಂಜ್‌ನಲ್ಲಿ ಹೀರಿಕೊಂಡರೆ ಒಂದೂ ವ್ಯರ್ಥವಾಗುವುದಿಲ್ಲ.

ಸಾಗಿಸುವ ಜವಾಬ್ದಾರಿ ಸಾಮಾನ್ಯವಾಗಿ ಅಪ್ಪನದೋ ಮಾವನದೋ ಆಗಿರುತ್ತದೆ, ತಪ್ಪುಗಳೂ ಹೆಚ್ಚಾಗಿ ಅಲ್ಲೇ. ಹತ್ತು ನಿಮಿಷ ಕುದಿಸಿದ, ಮುಚ್ಚಳ ಗಟ್ಟಿಯಿರುವ ಚಿಕ್ಕ ಡಬ್ಬಿ ಸಾಕು. ತಾಯಿಯ ಹೆಸರು, ಮಗುವಿನ ಆಸ್ಪತ್ರೆ ನಂಬರು, ತಾರೀಖು, ಹಾಲು ತೆಗೆದ ಗಂಟೆ, ನಾಲ್ಕನ್ನೂ ಡಬ್ಬಿಯ ಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ. ಮುಚ್ಚಳ ಅದಲುಬದಲಾಗುತ್ತದೆ. ಹೊರಗೆ ಇಡುವುದು ಹೆಚ್ಚೆಂದರೆ ನಾಲ್ಕು ಗಂಟೆ, ಕಲಬುರಗಿ-ರಾಯಚೂರಿನ ಬೇಸಿಗೆಯಲ್ಲಿ ಅಷ್ಟೂ ಬೇಡ. ಫ್ರಿಜ್‌ನಲ್ಲಿ ಬಾಗಿಲ ಬದಿಗಲ್ಲದೆ ಒಳಗೆ ಹಿಂದಕ್ಕೆ ಇಟ್ಟರೆ 48 ಗಂಟೆವರೆಗೆ ಬಳಸಬಹುದು. ಕೆಲವು ಎನ್‌ಐಸಿಯುಗಳು 24 ಗಂಟೆ ಮಾತ್ರ ಒಪ್ಪುತ್ತವೆ, ಕೇಳಿಕೊಳ್ಳಿ. ದಾರಿಯಲ್ಲಿ ಐಸ್ ಪ್ಯಾಕ್ ಹಾಕಿದ ಥರ್ಮೋಕೋಲ್ ಡಬ್ಬಿ ಇರಲಿ. ಬೆಚ್ಚಗಿನ ಹಾಲನ್ನು ತಣ್ಣಗಿನ ಹಾಲಿಗೆ ಸುರಿಯಬೇಡಿ.

ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಇನ್ನೂ ಹಲವು ಮನೆಗಳಲ್ಲಿದೆ. ಅದನ್ನು ಬಿಡಿ, ಬಾಯಾರಿದಷ್ಟೂ ಕುಡಿಯಲಿ. ಸಬ್ಬಸಿಗೆ, ಬೆಳ್ಳುಳ್ಳಿ, ಮೆಂತ್ಯ ಊಟದಲ್ಲಿ ಧಾರಾಳವಾಗಿರಲಿ. ಆದರೆ ಅವನ್ನು ನಂಬಿಕೊಂಡು ಹಾಲು ತೆಗೆಯುವ ಸರದಿ ತಪ್ಪಿಸಬೇಡಿ. ಮಗುವಿಗೆ ಜೇನು, ತೇಯ್ದ ಬಜೆ ಯಾವುದೂ ಕೂಡದು.

ಹಾಲು ಹೆಚ್ಚಿಸುವ ಇನ್ನೊಂದು ದಾರಿ ಕಾಂಗರೂ ಆರೈಕೆ: ಡಯಾಪರ್, ಟೋಪಿ ಮಾತ್ರ ಹಾಕಿದ ಮಗುವನ್ನು ತಾಯಿಯ ಬರಿ ಎದೆಗೆ ಅಂಟಿಸಿ ಮಲಗಿಸುವುದು. ದಿನಕ್ಕೆ 8 ಗಂಟೆಗೂ ಹೆಚ್ಚು ಹೊತ್ತು ಹೀಗಿಡಬೇಕು, ಹುಟ್ಟಿದ ಕೂಡಲೇ ಶುರುಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ನೀವು ಇನ್ನೊಂದು ಆಸ್ಪತ್ರೆಯಲ್ಲಿರುವಷ್ಟು ದಿನ ಅಪ್ಪನೂ ಮಾಡಬಹುದು. ನೀವು ಬಂದ ಮೇಲೆ ಎದೆಗವಚಿಕೊಂಡ ಕೂಡಲೇ ಹಾಲು ತೆಗೆದು ನೋಡಿ, ಪ್ರಮಾಣ ಸಾಮಾನ್ಯವಾಗಿ ಏರುತ್ತದೆ.

ಇಷ್ಟಾದರೂ ಸಾಲದಿದ್ದರೆ ಎರಡನೇ ಆಯ್ಕೆ ಹಾಲಿನ ಬ್ಯಾಂಕಿನ ದಾನಿಗಳ ಹಾಲು. ದಾನಿಯ ತಪಾಸಣೆಯಾಗಿ, 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ ಹಾಲು ಅದು. ನಿಮ್ಮ ಆಸ್ಪತ್ರೆಗೆ ಅಂಥ ಬ್ಯಾಂಕಿನ ಸಂಪರ್ಕವಿದೆಯಾ ಎಂದು ಮೊದಲೇ ವಿಚಾರಿಸಿ. ನೆರೆಮನೆಯವರ ಹಾಲನ್ನು ನೇರವಾಗಿ ಕೊಡಬೇಡಿ. ಪೌಡರ್ ಬರುವುದು ಮೂರನೆಯದಾಗಿ, ಅದೂ ಡಾಕ್ಟರು ಹೇಳಿದ, ಅವಧಿಪೂರ್ವ ಮಕ್ಕಳಿಗೆಂದೇ ಇರುವ ಪೌಡರ್. ಅವರು ನಿಮ್ಮ ಹಾಲಿಗೇ ಬೆರೆಸುವ ಫಾರ್ಟಿಫೈಯರ್ ಪುಡಿ ಬೇರೆ. ಅದು ಪ್ರೋಟೀನ್, ಕ್ಯಾಲ್ಸಿಯಂ ಸೇರಿಸಲು, ನಿಮ್ಮ ಹಾಲು ಕೆಟ್ಟದೆಂದಲ್ಲ.

ಈಗ ಹಾಲು ಮೂಗಿನಿಂದಲೋ ಬಾಯಿಯಿಂದಲೋ ಹಾಕಿದ ಟ್ಯೂಬಿನಲ್ಲಿ ಹೋಗುತ್ತದೆ. ಚೀಪುವುದು, ನುಂಗುವುದು, ಉಸಿರಾಡುವುದು ಒಟ್ಟಿಗೆ ಹೊಂದುವುದು, ಗರ್ಭದಲ್ಲಿದ್ದ ವಾರಗಳೂ ಸೇರಿ, ಸುಮಾರು 34 ವಾರಕ್ಕೆ. 32 ವಾರದ ಆಸುಪಾಸಿನಲ್ಲಿ ಒಳಲೆಯಲ್ಲಿ ಕುಡಿಸಲು ನರ್ಸ್ ಕಲಿಸುತ್ತಾರೆ. ಮಗುವನ್ನು ಅರೆಕೂತ ಭಂಗಿಯಲ್ಲಿ ಹಿಡಿದು, ಒಳಲೆಯ ಮೂತಿ ಬಾಯಿಯ ಮೂಲೆಗಿಟ್ಟು, ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು. ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆ ಉಬ್ಬಿ ಬಿಗಿಯಾದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಕುಡಿಸುವುದನ್ನು ಅಲ್ಲಿಗೇ ನಿಲ್ಲಿಸಿ ಕೂಡಲೇ ನರ್ಸ್‌ಗೆ ಹೇಳಿ.