ಒಂದೇ ಮನೆಯ ಗುಟ್ಟಾಗಿದ್ದ ಫೋರ್ಸೆಪ್ಸ್

‘ಫೋರ್ಸೆಪ್ಸ್ ಹಾಕಿ ಮಗು ತೆಗೆದ್ರಂತೆ’ ಅಂತ ಹೆದರಿಕೊಂಡೇ ಹೇಳುವವರು ಜಾಸ್ತಿ. ಹೊಸ ಡಾಕ್ಟರುಗಳ ಕೈಗೆ ನಾನು ಅದನ್ನು ಬಿಡಿಸಿಯೇ ಕೊಡುತ್ತೇನೆ. ಚಮಚದ ಹಾಗೆ ಬಾಗಿದ ಎರಡು ಬ್ಲೇಡ್, ಬೇರೆ ಬೇರೆ. ಜಾಣತನವೆಲ್ಲ ಇರುವುದು ಅಲ್ಲೇ. ಜೋಡಿಸಿಟ್ಟ ಇಕ್ಕಳವನ್ನು ಒಳಗೆ ಹಾಕಿ ಅಗಲಿಸಲು ಜಾಗ ಎಲ್ಲಿರುತ್ತೆ? ಇಲ್ಲಿ ಎಡ ಬ್ಲೇಡನ್ನು ಮೊದಲು ಮಗುವಿನ ತಲೆಯ ಪಕ್ಕಕ್ಕೆ ಜಾರಿಸುತ್ತೇವೆ, ಆಮೇಲೆ ಬಲದ್ದು. ಎರಡೂ ಸರಿಯಾಗಿ ಕೂತರೆ ಹಿಡಿಕೆಗಳು ಸುಲಭವಾಗಿ ಲಾಕ್ ಆಗುತ್ತವೆ. ಆಗಲಿಲ್ಲ ಅಂದರೆ ಬಲ ಹಾಕಬಾರದು, ತೆಗೆದು ಮತ್ತೆ ಪರೀಕ್ಷಿಸಬೇಕು.

ಇದಕ್ಕೂ ಮೊದಲು ಹೆರಿಗೆ ಕಟ್ಟಿಕೊಂಡರೆ ಹೆಚ್ಚಾಗಿ ಮಗುವನ್ನು ಚುಚ್ಚಿ ಎಳೆಯುವ ಕೊಕ್ಕೆಯೇ ಗತಿ. ಕೊಕ್ಕೆ ಹಾಕಿದ ಮೇಲೆ ಮಗು ಬದುಕುವ ಮಾತೇ ಇರಲಿಲ್ಲ.

ವಿಲಿಯಂ ಚೇಂಬರ್ಲೆನ್ ಧರ್ಮದ ಕಾರಣಕ್ಕೆ 1569ರಲ್ಲಿ ಫ್ರಾನ್ಸ್ ಬಿಟ್ಟು ಇಂಗ್ಲೆಂಡಿಗೆ ಬಂದವನು. ಗಂಡುಮಕ್ಕಳಲ್ಲಿ ಇಬ್ಬರಿಗೆ ಪೀಟರ್ ಅಂತಲೇ ಹೆಸರಿಟ್ಟ ಪುಣ್ಯಾತ್ಮ! ದೊಡ್ಡ ಪೀಟರನೇ ಫೋರ್ಸೆಪ್ಸ್ ಮಾಡಿದ್ದು ಅನ್ನುತ್ತಾರೆ. ನೂರು ವರ್ಷಕ್ಕೂ ಹೆಚ್ಚು ಕಾಲ ಮನೆಯವರು ಅದನ್ನು ಹೊರಗೆ ಬಿಡಲಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಹೊತ್ತು ತರುತ್ತಿದ್ದರಂತೆ, ಹೆರುವವಳ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರಂತೆ.

1670ರಲ್ಲಿ ಹ್ಯೂ ಚೇಂಬರ್ಲೆನ್ ಈ ಗುಟ್ಟು ಮಾರಲು ಪ್ಯಾರಿಸ್‌ಗೆ ಹೋದ. ಅಲ್ಲಿನ ಹೆಸರಾಂತ ವೈದ್ಯ ಮೊರಿಸೊ, ಸೊಂಟದ ಎಲುಬು ತೀರಾ ಕಿರಿದಾಗಿದ್ದ ಹೆಂಗಸೊಬ್ಬಳನ್ನು ತೋರಿಸಿ ‘ಹೆರಿಗೆ ಮಾಡಿಸು’ ಅಂದ. ಹ್ಯೂ ಮೂರು ಗಂಟೆಗೂ ಹೆಚ್ಚು ಹೊತ್ತು ಒದ್ದಾಡಿದ. ಆಗಲಿಲ್ಲ. ಮಾರನೇ ದಿನ ಅವಳು ತೀರಿಕೊಂಡಳು, ಗರ್ಭಕೋಶ ಹರಿದಿತ್ತು. ದಾರಿಯೇ ಇಲ್ಲದ ಕಡೆ ಯಾವ ಉಪಕರಣವೂ ಕೆಲಸ ಮಾಡದು, ಅದನ್ನು ಹ್ಯೂ ಒಪ್ಪಬೇಕಿತ್ತು. ಅವನೋ, ಊರಿಗೆ ಮರಳಿ ಮೊರಿಸೊನ ಪುಸ್ತಕವನ್ನೇ ಇಂಗ್ಲಿಷಿಗೆ ಅನುವಾದಿಸಿದ. ಮುನ್ನುಡಿಯಲ್ಲಿ, ‘ನಮ್ಮ ಮನೆಯವರಿಗೆ ಬೇರೆ ವಿದ್ಯೆ ಗೊತ್ತು’ ಅನ್ನೋ ಜಂಬ ಬೇರೆ.

ಹೊಟ್ಟೆಪಾಡು, ಆ ಕಾಲವೇ ಹಾಗಿತ್ತು ಅಂತ ಗುಟ್ಟು ಮಾಡಿದ್ದನ್ನು ಕೆಲವರು ಸಮರ್ಥಿಸುತ್ತಾರೆ. ನನಗಂತೂ ಒಪ್ಪಿಗೆಯಿಲ್ಲ. ಅಷ್ಟು ವರ್ಷ ಎಷ್ಟು ತಾಯಂದಿರು ಕೊಕ್ಕೆಯ ಪಾಲಾದರೋ!

1730ರ ದಶಕದಲ್ಲಿ ಗುಟ್ಟು ಪುಸ್ತಕಗಳಿಗೆ ಬಂತು. 1747ರಲ್ಲಿ ಫ್ರಾನ್ಸಿನ ಲೆವ್ರೆ, ಸೊಂಟದ ದಾರಿಗೆ ಹೊಂದುವಂತೆ ಬ್ಲೇಡಿಗೆ ಇನ್ನೊಂದು ಬಾಗು ಕೊಟ್ಟ. ಸ್ಕಾಟ್ಲೆಂಡಿನ ವೈದ್ಯ ಸ್ಮೆಲ್ಲಿ ಬ್ಲೇಡಿಗೆ ಚರ್ಮ ಸುತ್ತಿದ, ಲೋಹದ ಸದ್ದಿಗೆ ಹೆರುವವಳು ಹೆದರದಿರಲಿ ಅಂತ. ಆ ಚರ್ಮದಲ್ಲಿ ಎಷ್ಟು ಸೋಂಕು ಕೂತಿತ್ತೋ! ಚೇಂಬರ್ಲೆನ್ನರ ಫೋರ್ಸೆಪ್ಸ್ ಸಿಕ್ಕಿದ್ದು 1813ರಲ್ಲಿ, ಎಸೆಕ್ಸ್‌ನ ಅವರ ಹಳೇ ಮನೆಯ ನೆಲದಡಿ.

ಈಗ ಮಗುವಿನ ತಲೆಗೆ ಬಟ್ಟಲು ಅಂಟಿಸಿ ಎಳೆಯುವ ವ್ಯಾಕ್ಯೂಮ್ ಇದೆ, ಸಿಸೇರಿಯನ್ ಇದೆ. ಫೋರ್ಸೆಪ್ಸ್ ಕಲಿಯುವ ಹುಡುಗರು ಕಡಿಮೆ. ಆದರೆ 34 ವಾರ ತುಂಬದ ಮಗುವಿನ ಮೆತ್ತನೆ ತಲೆಗೆ ವ್ಯಾಕ್ಯೂಮ್ ಹಾಕುವಂತಿಲ್ಲ. ತಲೆ ಕೆಳಗಿಳಿದಿದೆ, ಎದೆಬಡಿತ ಬೀಳುತ್ತಿದೆ ಅಂದಾಗ ನಾನು ಕೇಳುವುದು ಫೋರ್ಸೆಪ್ಸನ್ನೇ.